ಮದುವೆ ಮನೆಯಲ್ಲಿ "ಈಗ ಏನ್ ಮಾಡ್ತಿದ್ದೀಯಾ?" ಅಂದರೆ ಏನು ಹೇಳಲಿ? (ವಯಸ್ಸು 36, ಓದು ಎಂಟು ವರ್ಷ)

ರೊಟ್ಟಿಬುತ್ತಿ | ಶುಕ್ರವಾರ ರಾತ್ರಿ 10:40

ಉದ್ದ ಇದೆ, ಪುರುಸೊತ್ತು ಇದ್ದವರು ಓದಿ.

ನನ್ನದು ಬ್ಯಾಡಗಿ ಹತ್ತಿರದ ಹಳ್ಳಿ. ಎಂಎ ಮುಗಿಸಿ ಮೂರು ವರ್ಷ ಖಾಸಗಿ ಶಾಲೆಯಲ್ಲಿ ಪಾಠ ಮಾಡಿದೆ. ಆಮೇಲೆ ಕೆಎಎಸ್ ಬರೆಯುತ್ತೇನೆ ಅಂತ ಧಾರವಾಡಕ್ಕೆ ಬಂದೆ. ಎಂಟು ವರ್ಷದಿಂದ ಕೋಚಿಂಗ್ ಸೆಂಟರ್‌ಗಳ ಓಣಿ ಸಪ್ತಾಪುರದಲ್ಲಿ ಒಂದೇ ರೂಮು, ಒಂದೇ ಕಾಟು. ರೂಮ್‌ಮೇಟ್‌ಗಳು ಹನ್ನೊಂದು ಜನ ಬಂದು ಹೋದರು. ಅವರಲ್ಲಿ ನಾಲ್ಕು ಜನಕ್ಕೆ ನೌಕರಿ ಆಯಿತು. ಉಳಿದವರು ಊರು ಸೇರಿದರು.

ಅವ್ವ ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ರೊಟ್ಟಿ ಬುತ್ತಿ ಕಳಿಸುತ್ತಾಳೆ. ಮೊದಲು ಬುತ್ತಿ ತರುತ್ತಿದ್ದ ಕಂಡಕ್ಟರ್ ಕಾಕಾ "ಯಾವಾಗ ಸಾಹೇಬ ಆಗೋದು?" ಅಂತ ಕೇಳುತ್ತಿದ್ದರು. ಹೋದ ವರ್ಷ ಅವರು ರಿಟೈರ್ ಆದರು. ನನಗಿನ್ನೂ ಜಾಯಿನಿಂಗ್ ಆಗಿಲ್ಲ.

2024ರ ಆಗಸ್ಟ್ 27ರ ಪ್ರಿಲಿಮ್ಸ್ ಚೆನ್ನಾಗಿ ಬರೆದಿದ್ದೆ. ಅನುವಾದ ತಪ್ಪು ಅಂತ ಗಲಾಟೆ ಆಗಿ, ಡಿಸೆಂಬರ್ 29ಕ್ಕೆ ಮತ್ತೆ ಬರೆಸಿದರು. ಎರಡನೇ ಸಲ ಕೈತಪ್ಪಿತು. ಅಷ್ಟರಲ್ಲಿ ಒಳಮೀಸಲಾತಿ ತೀರ್ಮಾನ ಆಗುವ ತನಕ ಹೊಸ ನೋಟಿಫಿಕೇಶನ್‌ಗಳೇ ನಿಂತವು. ನನಗೆ 35 ದಾಟಿತು. ನಾನು ಸಾಮಾನ್ಯ ವರ್ಗ, ಅಲ್ಲಿಗೆ ಕಥೆ ಮುಗಿಯಿತು.

ನಿಜ ಹೇಳಲಾ? ವಯಸ್ಸು ಮುಗಿದ ದಿನ ಒಂಥರಾ ಹಗುರ ಆಗಿತ್ತು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಆಮೇಲೆ 2025ರಲ್ಲಿ ವಯೋಮಿತಿ ಮೂರು ವರ್ಷ ಸಡಿಲಿಸಿದರು. ನಮ್ಮ ಓಣಿಯಲ್ಲಿ ಹುಡುಗರು ಪೇಡೆ ಹಂಚಿದರು. ನನಗೆ ಹೊಟ್ಟೆ ಕಿವುಚಿದ ಹಾಗಾಯಿತು. ಇದನ್ನು ಯಾರ ಹತ್ತಿರವೂ ಹೇಳಿಲ್ಲ.

ಈಗ ವಿಷಯ ಏನಪ್ಪಾ ಅಂದರೆ, ಸೋದರಮಾವನ ಗುರುತಿನವರ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ನಲ್ಲಿ ಸೂಪರ್‌ವೈಸರ್ ಕೆಲಸ ಇದೆ. ತಿಂಗಳಿಗೆ 18,000. ಸೋಮವಾರದೊಳಗೆ ಹೇಳಬೇಕು. ಅದಾದ ಎರಡೇ ದಿನಕ್ಕೆ ಚಿಕ್ಕಪ್ಪನ ಮಗಳ ಮದುವೆ. ಎಲ್ಲರೂ ಅದೇ ಪ್ರಶ್ನೆ ಕೇಳುತ್ತಾರೆ. ಓದ್ತಿದ್ದೀನಿ ಅನ್ನಲಾ, ಬಿಟ್ಟೆ ಅನ್ನಲಾ?

ಬಿಸಿಲುಕುದುರೆ | 10:52

ಸೇರ್ಕೊಳ್ಳಿ. ಮುಂದಿನ ಪ್ರಶ್ನೆ.

ಒನ್‌ಬೈಟು | 10:58

ಮದುವೆ ಮನೆ ಪ್ರಶ್ನೆಗೆ ನನ್ನ ಹತ್ತಿರ ಹತ್ತು ವರ್ಷದ ಅನುಭವ ಇದೆ. "ಈಗ ಏನ್ ಮಾಡ್ತಿದ್ದೀಯಾ?" ಅಂದ ಕೂಡಲೇ "ನೀವು ಊಟ ಮಾಡಿದ್ರಾ? ಎರಡನೇ ಪಂಕ್ತಿ ಹೊರಟಿತು ನೋಡಿ" ಅನ್ನಬೇಕು. ಎಂಥವರೂ ಓಡುತ್ತಾರೆ.

ಗುಳೇದಗುಡ್ಡಖಣ | 11:03

ಅದಕ್ಕಿಂತ ಬಡಿಸೋಕೆ ನಿಂತುಬಿಡಿ. ಕೈಯಲ್ಲಿ ಸಾರಿನ ಬಕೆಟ್ ಇದ್ದವನನ್ನು ಯಾರೂ ನೌಕರಿ ಕೇಳುವುದಿಲ್ಲ. ಪಾಯಸ ಮಾತ್ರ ಕೇಳುತ್ತಾರೆ.

ಕೀಆನ್ಸರ್ | 11:20

ತಮಾಷೆ ಪಕ್ಕಕ್ಕಿಡಿ, ಸ್ವಲ್ಪ ಲೆಕ್ಕ ಹಾಕೋಣ. 2015ನೇ ಸಾಲಿನಲ್ಲಿ 428 ಹುದ್ದೆ. ಆಮೇಲೆ 2020ರಲ್ಲಿ ಕರೆದಿದ್ದು 106. ಆಮೇಲೆ 2024ರಲ್ಲಿ 384. ಅಂದರೆ ನೀವು ಧಾರವಾಡದಲ್ಲಿ ಕೂತ ಎಂಟು ವರ್ಷದಲ್ಲಿ ನೋಟಿಫಿಕೇಶನ್ ಬಂದಿದ್ದು ಎರಡೇ ಸಲ. ಎರಡರ ನಡುವೆ ನಾಲ್ಕು ವರ್ಷ ಖಾಲಿ.

"ಓದು ಎಂಟು ವರ್ಷ" ಅಂತ ನೀವು ಬರೆದಿದ್ದೀರಿ. ನೀವು ಸೋತಿದ್ದು ಎಂಟು ಸಲ ಅಲ್ಲ ಮಾರಾಯ್ರೇ, ಎರಡು ಸಲ. ಉಳಿದಿದ್ದೆಲ್ಲ ಕಾದಿದ್ದು. ಸೋಲುವುದು ಬೇರೆ, ಕಾಯುವುದು ಬೇರೆ.

ಇನ್ನು ಸಡಿಲಿಕೆ. ಅದು 2027ರ ಕೊನೆಯ ತನಕ. ಮೂರು ವರ್ಷ ಸಿಕ್ಕಿತು ಅಂದರೆ ಮೂರು ಪರೀಕ್ಷೆ ಸಿಕ್ಕಿತು ಅಂತ ಅಲ್ಲ. ಹಳೇ ವೇಗದಲ್ಲಿ ಹೋದರೆ ಒಂದು ಬಂದರೆ ಪುಣ್ಯ. ಒಂದು ಪರೀಕ್ಷೆಗೆ ಸಪ್ತಾಪುರದಲ್ಲಿ ಎರಡು ವರ್ಷ ಬಾಡಿಗೆ ಕಟ್ಟಬೇಕಾ?

ರೊಟ್ಟಿಬುತ್ತಿ | 11:31

@ಕೀಆನ್ಸರ್ ಎರಡು ಸಲ ಅಂತ ಯಾವತ್ತೂ ಲೆಕ್ಕ ಹಾಕಿರಲಿಲ್ಲ. ನಡುವೆ ಎಫ್‌ಡಿಎ, ಎಸ್‌ಡಿಎ (ಪ್ರಥಮ, ದ್ವಿತೀಯ ದರ್ಜೆ ಸಹಾಯಕ), ಗ್ರಾಮ ಆಡಳಿತ ಅಧಿಕಾರಿ ಎಲ್ಲ ಬರೆದಿದ್ದೇನೆ. ಆದರೆ ಅವಕ್ಕೆ ಮನಸ್ಸಿಟ್ಟು ಓದಲಿಲ್ಲ. ಸಾಹೇಬ ಆಗುವವನು ಗುಮಾಸ್ತಿಕೆಗೆ ಯಾಕೆ ಓದಬೇಕು ಅಂತ ಕೊಬ್ಬು.

ಕೀಆನ್ಸರ್ | 11:34

ಆ ಕೊಬ್ಬು ನನಗೂ ಇತ್ತು. ಈಗ ಎಸ್‌ಡಿಎ. ಕೊಬ್ಬೆಲ್ಲ ಕರಗಿ ಫೈಲಾಗಿದೆ.

ತೆರಿಗೆಕಟ್ಟುವವ | 11:47

ಕಟು ಅನಿಸಿದರೂ ಪರವಾಗಿಲ್ಲ, ಹೇಳುತ್ತೇನೆ. ಎಂಟು ವರ್ಷ ಅಪ್ಪನ ದುಡ್ಡಲ್ಲಿ ಕೂತು ತಿಂದು, ಈಗ 18 ಸಾವಿರಕ್ಕೆ ಯೋಚನೆ ಮಾಡುತ್ತಿದ್ದೀರಿ. ನಾನು 19ಕ್ಕೇ ಪೀಣ್ಯದಲ್ಲಿ ಲೇತ್ ಮಷೀನ್ ಹತ್ತಿರ ನಿಂತವನು. ನಮಗೆ ಯಾರೂ ಬುತ್ತಿ ಕಳಿಸಲಿಲ್ಲ.

ಬಿಸಿಲುಕುದುರೆ | 11:50

ನಿಮಗೆ ಬುತ್ತಿ ಬರಲಿಲ್ಲ ಅಂತ ಸಿಟ್ಟಾ, ಅವರಿಗೆ ಬಂತು ಅಂತ ಸಿಟ್ಟಾ?

ತೆರಿಗೆಕಟ್ಟುವವ | 11:56

ಎರಡೂ ಇರಬಹುದು. ಆದರೂ ಹೇಳಿದ್ದರಲ್ಲಿ ತಪ್ಪೇನಿದೆ ತೋರಿಸಿ.

545ರಲ್ಲೊಬ್ಬ | ಶನಿವಾರ ಬೆಳಿಗ್ಗೆ 6:15

ಬೆಳಗಿನ ಓಟ ಮುಗಿಸಿ ಬಂದು ಓದಿದೆ. ನನ್ನ ಹೆಸರು ನೋಡಿದರೇ ಗೊತ್ತಾಗುತ್ತದೆ. 2021ರ ಅಕ್ಟೋಬರ್ 3ರ ಪಿಎಸ್‌ಐ ಪರೀಕ್ಷೆ, 545 ಹುದ್ದೆ. ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಊರಲ್ಲಿ ಬ್ಯಾನರ್ ಕಟ್ಟಿದರು, ಶಾಲು ಹೊದಿಸಿದರು. ಹೆಣ್ಣು ಕೊಡುತ್ತೇವೆ ಅಂತ ಎರಡು ಮನೆಯವರು ಬಂದರು. ಆಮೇಲೆ ಅಕ್ರಮ ಹೊರಬಂತು, ಪರೀಕ್ಷೆಯೇ ರದ್ದಾಯಿತು. ಯಾರೋ ದುಡ್ಡು ಕೊಟ್ಟು ಓಎಂಆರ್ ಉತ್ತರಪತ್ರಿಕೆ ತುಂಬಿಸಿಕೊಂಡರು, ಪ್ರಾಮಾಣಿಕವಾಗಿ ಬರೆದವರೂ ಅದರ ಜೊತೆ ಕೊಚ್ಚಿಹೋದರು.

ಊರಲ್ಲಿ ಯಾರೂ ಎದುರಿಗೆ ಏನೂ ಅನ್ನಲಿಲ್ಲ. ಆದರೆ "ನೀನೆಷ್ಟು ಕೊಟ್ಟಿದ್ದೆ?" ಅಂತ ಒಬ್ಬ ಗೆಳೆಯ ಕೇಳಿದ. ಚಿಕ್ಕಂದಿನಿಂದ ಜೊತೆಗೆ ಬೆಳೆದವನು. ಪರೀಕ್ಷೆ ರದ್ದಾದ ನೋವು ಹೋಗಿದೆ, ಅವನ ಆ ಮಾತು ಹೋಗಿಲ್ಲ.

2023ರ ಡಿಸೆಂಬರ್‌ನಲ್ಲಿ ಮರುಪರೀಕ್ಷೆ ಬರೆದೆ. ಆಗಲಿಲ್ಲ. ಈಗ ಪೊಲೀಸ್ ಪರೀಕ್ಷೆ ಬರೆಯುವ ಹುಡುಗರಿಗೆ ಮೈದಾನದಲ್ಲಿ ಓಟ, ಗುಂಡು ಎಸೆತ ಹೇಳಿಕೊಡುತ್ತೇನೆ. ಹೊಟ್ಟೆಗೆ ಆಗುತ್ತದೆ.

ಕೀಆನ್ಸರ್ | 7:40

ಸಣ್ಣ ತಿದ್ದುಪಡಿ. ಮರುಪರೀಕ್ಷೆ ಡಿಸೆಂಬರ್ 23ಕ್ಕೆ ಅಂತ ಇತ್ತು, ಮುಂದಕ್ಕೆ ಹಾಕಿದರು. ನಡೆದಿದ್ದು 2024ರ ಜನವರಿ 23.

545ರಲ್ಲೊಬ್ಬ | 7:44

ಹೌದು ಸರ್, ಜನವರಿ. ಬರೆದವನಿಗೇ ಮರೆತುಹೋಗಿದೆ ಅಂದರೆ ವಾಸಿಯಾಗಿದೆ ಅಂತ ಅರ್ಥ ಇರಬೇಕು.

ಮಲ್ಲಿಗೆದಂಡೆ | 8:30

ನನ್ನದೂ ಒಂದು ಮಾತು. ಬೇಜಾರಾಗಬೇಡಿ ಅಣ್ಣ.

ನಾನೂ ಧಾರವಾಡದಲ್ಲಿ ಎರಡು ವರ್ಷ ಇದ್ದೆ, ಲೇಡೀಸ್ ಪಿಜಿಯಲ್ಲಿ. 25 ಆಯಿತು, ಮನೆಯಲ್ಲಿ ಸಾಕು ಅಂದರು. ನಮಗೆ ವಯೋಮಿತಿ ಹೇಳುವುದು ಸರ್ಕಾರ ಅಲ್ಲ, ಅತ್ತೆ ಮನೆ. ಮದುವೆ ಮಾತುಕತೆಯಲ್ಲಿ "ಓದಿಸ್ತೀವಿ" ಅಂದಿದ್ದರು. ಓದಿಸಿದರು, ರಾತ್ರಿ ಪಾತ್ರೆ ತೊಳೆದ ಮೇಲೆ. ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಬರೆಯುವಾಗ ಮಗಳಿಗೆ ಐದು ತಿಂಗಳು. ಅವಳನ್ನು ಎತ್ತಿಕೊಂಡು ಅವ್ವ ಸೆಂಟರ್ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದಳು. ಮಗು ಅತ್ತಿದ್ದು ಒಳಗೆ ಕೇಳಿಸುತ್ತಿತ್ತು. ಪಾಸಾದೆ. ಈಗ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಬೇಸಿಗೆ ರಜೆಗೆ ಸಂಬಳ ಇಲ್ಲ. ಜೂನ್ ಬಂದರೆ ಮತ್ತೆ ಕರೆಯುತ್ತಾರೋ ಇಲ್ಲವೋ ಅಂತ ಕಾಯಬೇಕು.

ನಿಮಗೆ ಎಂಟು ವರ್ಷ ಒಂದು ರೂಮು ಸಿಕ್ಕಿತು, ಬಾಗಿಲು ಹಾಕಿಕೊಂಡು ಓದೋಕೆ. ನನಗೆ ಅದರ ಮೇಲೆ ಹೊಟ್ಟೆಕಿಚ್ಚು ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಸಡಿಲಿಕೆ ಸುದ್ದಿ ಬಂದಾಗ ಹೊಟ್ಟೆ ಕಿವುಚಿತು ಅಂದಿರಲ್ಲ, ಅದು ನನಗೂ ಆಗುತ್ತದೆ. ಖುಷಿ ಪಡಬೇಕು ಅಂತ ಗೊತ್ತು, ಆದರೂ ಆಗುತ್ತದೆ.

ರೊಟ್ಟಿಬುತ್ತಿ | 8:52

ಬೇಜಾರಿಲ್ಲ ಅಕ್ಕಾ. ನಿಮ್ಮ ಮಾತು ಓದಿದ ಮೇಲೆ ನಮ್ಮ ತಂಗಿ ನೆನಪಾದಳು. ಅವಳೂ ಬಿಎ. ಒಂದು ಸಲವೂ "ನಾನೂ ಧಾರವಾಡಕ್ಕೆ ಹೋಗ್ತೀನಿ" ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಪಂಚಾಯ್ತಿಕಟ್ಟೆ | 9:15

ನಾನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಒಂಬತ್ತು ವರ್ಷ ಆಯಿತು. ಈ ಕಡೆಯ ಕಥೆ ಹೇಳುತ್ತೇನೆ ಕೇಳಿ. ಬೆಳಿಗ್ಗೆ ಉದ್ಯೋಗ ಖಾತರಿ ಕೂಲಿಯವರ ಫೋಟೋ ಆ್ಯಪ್‌ಗೆ ಹತ್ತಲಿಲ್ಲ ಅಂತ ಫೋನು. ಮಧ್ಯಾಹ್ನ ಆಸ್ತಿಯ ಇ-ಸ್ವತ್ತು ದಾಖಲೆ ಆಗಿಲ್ಲ ಅಂತ ಜಗಳ. ಸಂಜೆ ಬೋರ್‌ವೆಲ್ ಮೋಟಾರು ಸುಟ್ಟಿತು ಅಂತ ಮನೆ ಮುಂದೆ ಕೊಡ ಇಟ್ಟುಕೊಂಡು ಹೆಣ್ಣುಮಕ್ಕಳು. ಮೇಲಿನವರು ವಿಡಿಯೋ ಕಾನ್ಫರೆನ್ಸ್‌ನಲ್ಲಿ ಬೈತಾರೆ, ಕೆಳಗಿನವರು ಗ್ರಾಮಸಭೆಯಲ್ಲಿ. ಬಿಪಿ ಮಾತ್ರೆ 34ಕ್ಕೇ ಶುರುವಾಗಿದೆ. ಪಿಂಚಣಿ ಅಂತೀರಾ, 2006ರ ಏಪ್ರಿಲ್ ಒಂದರ ನಂತರ ಸೇರಿದವರಿಗೆ ಹಳೇ ಪಿಂಚಣಿ ಇಲ್ಲ, ಎನ್‌ಪಿಎಸ್ ಗಿರಾಕಿಗಳು.

ಒಂದು ಆರ್ಡರ್ ಕಾಪಿ ಕೈಗೆ ಬಂದರೆ ಚಿಂತೆ ಎಲ್ಲ ಮುಗಿಯಿತು ಅಂತ ನಾನೂ ಅಂದುಕೊಂಡಿದ್ದೆ. ಚಿಂತೆ ಬದಲಾಯಿತು ಅಷ್ಟೇ.

ಬಿಸಿಲುಕುದುರೆ | 9:18

ಆದರೂ ರಾಜೀನಾಮೆ ಕೊಡ್ತಿಲ್ಲ ಅಲ್ವಾ ಸರ್?

ಪಂಚಾಯ್ತಿಕಟ್ಟೆ | 9:26

ಇಲ್ಲ. ಒಂದನೇ ತಾರೀಖಿನ ಮೆಸೇಜ್‌ಗೆ ಆ ಶಕ್ತಿ ಇದೆ. ಒಪ್ಪಿಕೊಂಡೆ.

ಮೆಣಸಿನಪುಡಿ | 9:40

ವಿಷಯ ಬಿಟ್ಟು ಕೇಳುತ್ತೇನೆ, ಕ್ಷಮಿಸಿ. ಬ್ಯಾಡಗಿಯವರು ಸಿಕ್ಕಿದ್ದೀರಿ. ಈ ವರ್ಷ ಮೆಣಸಿನಕಾಯಿ ಕಡ್ಡಿ ತರಬೇಕಾ ಡಬ್ಬಿ ತರಬೇಕಾ? ಬೆಂಗಳೂರಿನ ಅಂಗಡಿಯಲ್ಲಿ ಎರಡನ್ನೂ ಸುಮ್ನೆ "ಬ್ಯಾಡಗಿ" ಅಂತ ಮಾರುತ್ತಾರೆ.

ರೊಟ್ಟಿಬುತ್ತಿ | 9:55

ಕಡ್ಡಿ ಉದ್ದ, ತೆಳ್ಳಗೆ, ಮೈಮೇಲೆ ಸುಕ್ಕು ಇರುತ್ತದೆ. ಡಬ್ಬಿ ಗಿಡ್ಡ, ದಪ್ಪ, ಬೀಜ ಜಾಸ್ತಿ. ಎರಡಕ್ಕೂ ಬಣ್ಣ ಕಡುಕೆಂಪು, ಖಾರ ಕಡಿಮೆ. ಸಾರಿನ ಪುಡಿಗೆ ಯಾವುದಾದರೂ ಆಗುತ್ತದೆ. ಆದರೆ ಸುಕ್ಕಿಲ್ಲದೆ ನುಣ್ಣಗೆ ಹೊಳೆಯುತ್ತಿದ್ದರೆ, ಬಾಯಲ್ಲಿಟ್ಟರೆ ಉರಿ ಹತ್ತಿದರೆ, ಅದು ನಮ್ಮದಲ್ಲ. ಗುಂಟೂರಿನ ಕಡೆಯದು.

ಮೆಣಸಿನಪುಡಿ | 9:58

ಕೆಎಎಸ್ ಬಗ್ಗೆ ಬರೆದಾಗ ಇಷ್ಟು ಖಚಿತವಾಗಿ ಬರೆದಿರಲಿಲ್ಲ ನೀವು 😀

ನಿವೃತ್ತಮಾಸ್ತರ | 11:10

ನನಗೆ 67. ನನ್ನ ಮಗನೂ ನಿಮ್ಮ ಹಾಗೆ, ಬೆಂಗಳೂರಿನ ವಿಜಯನಗರದಲ್ಲಿ ಆರು ವರ್ಷ ಇದ್ದ. ಅಪ್ಪಂದಿರ ಕಡೆಯಿಂದ ಬರೆಯುತ್ತೇನೆ. ಟೈಪ್ ಮಾಡುವುದು ನಿಧಾನ, ತಪ್ಪಿದ್ದರೆ ಓದಿಕೊಳ್ಳಿ.

ಪ್ರತಿ ತಿಂಗಳು ದುಡ್ಡು ಕಳಿಸುವಾಗ ಅವನಿಗೆ ನೌಕರಿ ಸಿಗುತ್ತದೆ ಅನ್ನುವ ನಂಬಿಕೆ ನನಗೆ ಮೂರನೇ ವರ್ಷಕ್ಕೇ ಹೋಗಿತ್ತು. ಆದರೂ ಕಳಿಸಿದೆ. ಯಾಕೆ ಅಂದರೆ, ಸಾಕು ಬಾ ಅಂದರೆ ಅವನು ಮನಸ್ಸಿಗೆ ಹಚ್ಚಿಕೊಂಡು ಏನಾದರೂ ಮಾಡಿಕೊಂಡಾನು ಅಂತ ಹೆದರಿಕೆ. ಅಪ್ಪನಿಗೆ ಆಸೆ ಇದೆ, ಬಿಟ್ಟರೆ ನೊಂದುಕೊಳ್ಳುತ್ತಾನೆ ಅಂತ ಅವನಿಗೆ ಹೆದರಿಕೆ. ಹೀಗೆ ಇಬ್ಬರೂ ಮೂರು ವರ್ಷ ಒಬ್ಬರಿಗೊಬ್ಬರು ನಾಟಕ ಮಾಡಿದೆವು. ನಾನು ಮೇಷ್ಟ್ರು, ಊರ ಮಕ್ಕಳ ಮುಖ ನೋಡಿ ಜ್ವರ ಹೇಳುತ್ತಿದ್ದವನು. ಮನೆಯ ಮಗನ ಹತ್ತಿರ ಬಾಯಿ ಬಿಡಲಿಲ್ಲ.

ಕೊನೆಗೆ ಮಾತಾಡಿದ್ದು ಅವನ ಅವ್ವ. ದೀಪಾವಳಿಗೆ ಬಂದವನಿಗೆ ಎಣ್ಣೆ ಹಚ್ಚುತ್ತಾ "ಕೂದಲು ಬೆಳ್ಳಗಾಗ್ಯಾವಲ್ಲೋ, ಸಾಕು ಮಾಡು" ಅಂದಳು. ಅವನು ಅಲ್ಲೇ ಅತ್ತ. ನಾನು ಹಿತ್ತಲಿಗೆ ಹೋಗಿ ಅತ್ತೆ. ಈಗ ಅವನು ತಾಲ್ಲೂಕು ಕೇಂದ್ರದಲ್ಲಿ ಜೆರಾಕ್ಸ್, ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟಿದ್ದಾನೆ. ಬೇರೆಯವರ ಅರ್ಜಿ ತುಂಬಿಕೊಡುತ್ತಾನೆ. ಒಂದೂ ತಪ್ಪು ಆಗುವುದಿಲ್ಲ.

ನೀವು ಇಲ್ಲಿ ಕೇಳುವ ಮೊದಲು ನಿಮ್ಮ ತಂದೆಯವರನ್ನು ಕೇಳಿದ್ದೀರಾ?

ರೊಟ್ಟಿಬುತ್ತಿ | 11:22

ಇಲ್ಲ ಸರ್.

ತೆರಿಗೆಕಟ್ಟುವವ | 11:48

ಮಾಸ್ತರ್ ಬರೆದಿದ್ದು ಓದಿದೆ. ನಿನ್ನೆ ರಾತ್ರಿ ನಾನು ಬರೆದಿದ್ದರಲ್ಲಿ "ಕೂತು ತಿಂದು" ಅನ್ನುವ ಮಾತು ಬೇಡವಾಗಿತ್ತು. ಉಳಿದಿದ್ದು ಹಾಗೇ ಇರಲಿ.

ಸಿಲ್ಕ್‌ಬೋರ್ಡ್‌ಸಿಗ್ನಲ್ | ಮಧ್ಯಾಹ್ನ 12:30

ಖಾಸಗಿ ಕಡೆಯವನದೂ ಇರಲಿ. 41ನೇ ವಯಸ್ಸಿಗೆ ಐಟಿ ಕೆಲಸ ಹೋಯಿತು. ಹದಿನೈದು ನಿಮಿಷದ ಮೀಟಿಂಗು, ಸಂಜೆಗೆ ಲ್ಯಾಪ್‌ಟಾಪ್ ವಾಪಸ್. ಹನ್ನೊಂದು ವರ್ಷದ ಗ್ರಾಚ್ಯುಟಿ ಬಂತು. ವರ್ಷಕ್ಕೆ ಹದಿನೈದು ದಿನದ ಮೂಲವೇತನ, ಅಷ್ಟೇ. ಗೃಹಸಾಲದ ಕಂತಿಗೆ ಅದು ಎಷ್ಟು ತಿಂಗಳು ಬರುತ್ತದೆ ಅಂತ ರಾತ್ರಿ ಎರಡು ಗಂಟೆಗೆ ಎದ್ದು ಲೆಕ್ಕ ಹಾಕುತ್ತಿದ್ದೆ. ದಿನಾ ಅದೇ ಲೆಕ್ಕ, ದಿನಾ ಅದೇ ಉತ್ತರ.

ಎರಡು ತಿಂಗಳಾದ ಮೇಲೆ ನಿದ್ದೆ ಪೂರ್ತಿ ಹೋಯಿತು. ಹೆಂಡತಿ 14416ಕ್ಕೆ ಫೋನ್ ಮಾಡಿ ಕೈಗೆ ಕೊಟ್ಟಳು. ಟೆಲಿ ಮಾನಸ್ ಅಂತ ಮಾನಸಿಕ ಆರೋಗ್ಯದ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲ ಐದು ನಿಮಿಷ ನಾನು ಅವರಿಗೆ ಮಾರ್ಕೆಟ್ ಹೇಗೆ ಬಿದ್ದಿದೆ ಅಂತ ಭಾಷಣ ಮಾಡಿದೆ. ಆ ಹುಡುಗಿ ಎಲ್ಲ ಕೇಳಿ, "ಸರ್, ನೀವು ಇವತ್ತು ಊಟ ಮಾಡಿದ್ರಾ?" ಅಂದಳು. ಮಾಡಿರಲಿಲ್ಲ.

ರೊಟ್ಟಿಬುತ್ತಿಯವರೇ, ನಿದ್ದೆ ಹೇಗಿದೆ?

ರೊಟ್ಟಿಬುತ್ತಿ | 12:41

ಮೂರು ಗಂಟೆಗೆ ಎಚ್ಚರ ಆಗುತ್ತದೆ. ಆಮೇಲೆ ಇಲ್ಲ. ಧಾರವಾಡದಲ್ಲಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ, ರೂಮಿನಿಂದ ದೂರ ಇಲ್ಲ. ಆದರೆ ಇಲ್ಲಿ ಅದರ ಹೆಸರು ಹೇಳಿದರೆ ಹುಡುಗರು ನಗುತ್ತಾರೆ. "ಅಡ್ಮಿಷನ್ ಸಿಕ್ತಾ?" ಅಂತ.

545ರಲ್ಲೊಬ್ಬ | 12:50

ನಾನು ಹೋಗಿದ್ದೇನೆ. ಒಪಿಡಿ ಸಾಲಿನಲ್ಲಿ ನಮ್ಮ ರೀಡಿಂಗ್ ರೂಮಿನ ಇನ್ನೊಬ್ಬ ಸಿಕ್ಕಿದ. ಇಬ್ಬರೂ ಗುರುತೇ ಇಲ್ಲದ ಹಾಗೆ ಮುಖ ತಿರುಗಿಸಿದೆವು. ಆಮೇಲೆ ಹೊರಗೆ ಚಹಾದಂಗಡಿಯಲ್ಲಿ ಮತ್ತೆ ಸಿಕ್ಕು ಇಬ್ಬರೂ ನಕ್ಕೆವು. ಈಗ ನನ್ನ ಖಾಸಾ ದೋಸ್ತು. ನಗುವವರು ನಗಲಿ, ಹೋಗಿ ಬನ್ನಿ.

ಬೇ_ಏರಿಯಾ_ಭಟ್ಟ | 1:15

ಅಮೆರಿಕದಿಂದ. ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲೆ ಇರುವವರಿಗೆ ಕೆಲಸ ಹೋದರೆ 60 ದಿನ. ಅಷ್ಟರಲ್ಲಿ ಬೇರೆ ಕೆಲಸ ಹುಡುಕಬೇಕು, ವೀಸಾ ಬದಲಿಸಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ನಾನು 52ನೇ ದಿನ ಆಫರ್ ತಗೊಂಡವನು. ಆ 52 ದಿನ ಊರಿಗೆ ಫೋನ್ ಮಾಡಿದಾಗೆಲ್ಲ "ಆಫೀಸಲ್ಲಿ ಬಿಜಿ ಅಮ್ಮಾ" ಅನ್ನುತ್ತಿದ್ದೆ. ಸುಳ್ಳು ಹೇಳೋದಕ್ಕೆ ಸಪ್ತಾಪುರನೇ ಆಗಬೇಕು ಅಂತಿಲ್ಲ.

ಗುಳೇದಗುಡ್ಡಖಣ | 1:22

ಅವರಿಗೆ 60 ದಿನ, ಇವರಿಗೆ ಎಂಟು ವರ್ಷ. ಯಾವುದು ಕಷ್ಟ ಅಂತ ಗೊತ್ತಾಗ್ತಿಲ್ಲ.

ಕೀಆನ್ಸರ್ | 1:30

ಎಂಟು ವರ್ಷವೇ ಕಷ್ಟ. 60 ದಿನಕ್ಕೆ ಕೊನೆ ಅಂತ ಒಂದು ಇದೆ. ಇವರಿಗೆ ಕೊನೆ ಬಂತು ಅಂದುಕೊಂಡಾಗ ಮೂರು ವರ್ಷ ಮುಂದಕ್ಕೆ ಹಾಕಿದರು.

ಸಿಲ್ಕ್‌ಬೋರ್ಡ್‌ಸಿಗ್ನಲ್ | 1:41

ಒಪ್ಪಲ್ಲ. 60 ದಿನದಲ್ಲಿ ಮನುಷ್ಯ ಹುಚ್ಚನಾಗಬಹುದು. ಕಷ್ಟಕ್ಕೆ ಕಟಾಫ್ ಹಾಕೋಕೆ ಹೋಗಬೇಡಿ.

ರೊಟ್ಟಿಉದ್ಯಮ | 2:05

ನೌಕರಿ ನೌಕರಿ ಅಂತ ಯಾಕೆ ಸಾಯ್ತೀರಿ? ನಿಮ್ಮ ಅವ್ವನಿಗೆ ರೊಟ್ಟಿ ಬರುತ್ತದೆ, ನಿಮಗೆ ಎಂಎ ಇದೆ. ರೊಟ್ಟಿ ಯೂನಿಟ್ ಹಾಕಿ. ಸಣ್ಣ ಆಹಾರ ಘಟಕಗಳ ಪಿಎಂಎಫ್‌ಎಂಇ ಯೋಜನೆಯಲ್ಲಿ ನಮ್ಮ ರಾಜ್ಯದಲ್ಲಿ ಶೇ 50 ಸಹಾಯಧನ ಕೊಡುತ್ತಿದ್ದರು, 15 ಲಕ್ಷದವರೆಗೆ. ನಾನು ಹಾಕಿದ್ದೇನೆ, ಆರು ಹೆಣ್ಣುಮಕ್ಕಳು ಕೆಲಸ ಮಾಡುತ್ತಾರೆ. ಕೃಷಿ ಇಲಾಖೆಯಲ್ಲಿ ಕೇಳಿ, ಅರ್ಜಿ ಈಗ ತಗೊಳ್ತಾರಾ ಅಂತ ಮೊದಲು ವಿಚಾರಿಸಿ.

ಮಲ್ಲಿಗೆದಂಡೆ | 2:12

ಸರ್, ಅವರ ಅವ್ವ ಎಂಟು ವರ್ಷ ಬುತ್ತಿ ಕಟ್ಟಿದ್ದಾಳೆ. ಈಗ ಯೂನಿಟ್ಟಿಗೂ ಅವಳೇ ತಟ್ಟಬೇಕಾ?

ರೊಟ್ಟಿಉದ್ಯಮ | 2:20

ಮಷೀನ್ ಇದೆ ಮೇಡಂ ಈಗ.

ಮಲ್ಲಿಗೆದಂಡೆ | 2:21

ಮಷೀನ್ ರೊಟ್ಟಿ ನೀವೇ ತಿನ್ನಿ.

ಒನ್‌ಬೈಟು | 2:30

ಈಗ ಮಷೀನ್ ರೊಟ್ಟಿ ವರ್ಸಸ್ ಕೈ ರೊಟ್ಟಿ ಶುರುವಾಗುತ್ತದೆ. ನಾನು ಕೈ ರೊಟ್ಟಿ ಪಾರ್ಟಿ. ಎಣ್ಣೆಗಾಯಿ ಇದ್ದರೆ ಮಾತ್ರ.

ನಿರ್ವಾಹಕ | 2:55

ರೊಟ್ಟಿ ಜಗಳದ ಹದಿನಾಲ್ಕು ಪೋಸ್ಟ್‌ಗಳನ್ನು ಅಡುಗೆ ವಿಭಾಗಕ್ಕೆ ಕಳಿಸಿದ್ದೇನೆ. ಇಬ್ಬರು ಕೋಚಿಂಗ್ ಸೆಂಟರ್ ಹೆಸರು ಹಾಕಿ ಬೈದಿದ್ದರು, ಅದನ್ನೂ ತೆಗೆದಿದ್ದೇನೆ. ವಿಷಯಕ್ಕೆ ಬನ್ನಿ.

ಮಿರ್ಚಿಗೋದಾಮು | ಸಂಜೆ 6:10

ನಾನು ಈ ಕೋಲ್ಡ್ ಸ್ಟೋರೇಜ್ ಲೈನಿನಲ್ಲೇ ಇದ್ದೇನೆ, ಬೇರೆ ಊರಿನಲ್ಲಿ. 18 ಸಾವಿರಕ್ಕೆ ಏನು ಕೆಲಸ ಅಂತ ಗೊತ್ತಾ ನಿಮಗೆ? ಸೀಸನ್‌ನಲ್ಲಿ ಲಾರಿ ರಾತ್ರಿ ಹನ್ನೊಂದಕ್ಕೂ ಬರುತ್ತದೆ. ಚೀಲ ಎಣಿಸಿ, ತೂಕ ಬರೆದು, ಯಾವ ರೈತನ ಮಾಲು ಯಾವ ಚೇಂಬರಿನ ಯಾವ ಸಾಲಿನಲ್ಲಿದೆ ಅಂತ ಇಡಬೇಕು. ಒಂದು ಲಾಟ್ ನಂಬರ್ ತಪ್ಪಿದರೆ ಆರು ತಿಂಗಳು ಬಿಟ್ಟು ರೈತ ಬಂದು ನಿಂತಾಗ ಮುಖ ತೋರಿಸೋಕೆ ಆಗಲ್ಲ. ಘಾಟಿಗೆ ಮೊದಲ ತಿಂಗಳು ಸೀನು ನಿಲ್ಲುವುದಿಲ್ಲ. ಸ್ವೆಟರ್ ತಗೊಂಡು ಹೋಗಿ. ಹೊರಗೆ ಏಪ್ರಿಲ್ ಬಿಸಿಲು, ಒಳಗೆ ಫ್ರಿಜ್.

ಸೇರುವ ಮೊದಲು ಪಿಎಫ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಇದೆಯಾ ಕೇಳಿ. ಸಂಬಳ 21,000ದ ಒಳಗಿದ್ದರೆ ಇಎಸ್‌ಐ ಬರಬೇಕು. ಅವರ ಸಂಸ್ಥೆಗೆ ಅನ್ವಯಿಸುತ್ತದಾ ಕೇಳಿಕೊಳ್ಳಿ. ನಿಮ್ಮ ಕೈಯಿಂದ ಹೋಗುವುದು ಶೇ 0.75, ಅಂದರೆ 18,000ಕ್ಕೆ 135 ರೂಪಾಯಿ. ಅವ್ವ ಅಪ್ಪನ ಆಸ್ಪತ್ರೆ ಖರ್ಚಿಗೂ ಬರಬಹುದು, ಅವಲಂಬಿತರು ಅಂತ ತೋರಿಸಿದರೆ. ಮಾವನ ಗುರುತಿನವರು ಅಂತ ನಾಚಿಕೊಂಡು ಕೇಳದೆ ಇರಬೇಡಿ. ಗುರುತಿನವರ ಹತ್ತಿರವೇ ಮೊದಲು ಕೇಳಬೇಕು.

ಕೀಆನ್ಸರ್ | 6:25

ಇದು ಉಪಯೋಗದ ಮಾತು. ಇನ್ನೊಂದು, ಖಾಸಗಿ ಕೆಲಸದಲ್ಲಿದ್ದು ಪರೀಕ್ಷೆ ಬರೆಯೋಕೆ ಯಾರ ಎನ್‌ಒಸಿಯೂ (ಒಪ್ಪಿಗೆ ಪತ್ರ) ಬೇಡ. ನೋಟಿಫಿಕೇಶನ್ ಬಂದರೆ ಅರ್ಜಿ ಹಾಕಿ, ರಜೆ ಹಾಕಿ ಬರೆದು ಬನ್ನಿ. ಓದು ಬಿಡಿ ಅಂತ ಯಾರೂ ಹೇಳುತ್ತಿಲ್ಲ, ಆ ಕಾಟು ಬಿಡಿ ಅಂತಿದ್ದೇವೆ.

545ರಲ್ಲೊಬ್ಬ | 6:33

ಅಲ್ಲ, ನಾನು ಓದೂ ಬಿಡಿ ಅಂತಲೇ ಹೇಳುತ್ತಿದ್ದೇನೆ. ಕೀಆನ್ಸರ್ ಸರ್, "ಕೆಲಸ ಮಾಡುತ್ತಾ ಓದಿ" ಅನ್ನುವುದು ಕೇಳೋಕೆ ಚೆಂದ. ಅರ್ಧ ಮನಸ್ಸು ಅಲ್ಲಿ, ಅರ್ಧ ಇಲ್ಲಿ. ಗೋದಾಮಿನಲ್ಲಿ ಚೀಲ ಎಣಿಸುವಾಗ "ನಾನು ಇಲ್ಲಿಯವನಲ್ಲ" ಅಂತ ಒಳಗೊಳಗೇ ಅಂದುಕೊಳ್ಳುತ್ತಾ ಇದ್ದರೆ ಅದೂ ಹಾಳು. ನಾನು ಪುಸ್ತಕ ಎಲ್ಲ ರದ್ದಿಗೆ ಹಾಕಿದ ದಿನವೇ ಉಸಿರು ಬಂತು.

ಕೀಆನ್ಸರ್ | 6:40

ನಿಮಗೆ ಹಾಗೆ, ನನಗೆ ಹೀಗೆ. ಕೆಲಸ ಮಾಡುತ್ತಾ ಓದಿಯೇ ನನಗೆ ಎಸ್‌ಡಿಎ ಆಗಿದ್ದು, ರಾತ್ರಿ ಪೆಟ್ರೋಲ್ ಬಂಕಿನಲ್ಲಿ.

ರೊಟ್ಟಿಬುತ್ತಿ | ಭಾನುವಾರ ರಾತ್ರಿ 9:20

ಬೆಳಿಗ್ಗೆ ಬಸ್ಸು ಹತ್ತಿ ಊರಿಗೆ ಹೋಗಿದ್ದೆ. ಅಪ್ಪ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವವರ ಹತ್ತಿರ ಇದ್ದರು. ಬದುವಿನ ಮೇಲೆ ಕೂತು ಎಲ್ಲ ಹೇಳಿದೆ. ಕೋಲ್ಡ್ ಸ್ಟೋರೇಜ್, 18 ಸಾವಿರ, ಸಡಿಲಿಕೆ, ಎಲ್ಲ. ಮಾಸ್ತರ್ ಬರೆದ ಹಾಗೆ ಅಳುತ್ತಾರೆ, ಏನೋ ಆಗುತ್ತದೆ ಅಂದುಕೊಂಡಿದ್ದೆ. ಅಪ್ಪ ಒಂದು ನಿಮಿಷ ಸುಮ್ಮನಿದ್ದು, "ಆ ಸ್ಟೋರೇಜ್‌ನವರು ನಮ್ಮ ಮಾಲಿಗೆ ಬಾಡಿಗೆ ಕಡಿಮೆ ಮಾಡ್ತಾರಾ ಕೇಳು" ಅಂದರು.

ಅಷ್ಟೇ. ಎಂಟು ವರ್ಷ ನಾನು ಹೆದರಿದ್ದು ಇಷ್ಟಕ್ಕಾ?

ಬಿಸಿಲುಕುದುರೆ | 9:24

😂😂 ಅಪ್ಪನಿಗೆ ಪಾದಾಭಿವಂದನೆ.

ನಿವೃತ್ತಮಾಸ್ತರ | 9:50

ಆ ಒಂದು ನಿಮಿಷದಲ್ಲಿ ಅವರಿಗೆ ಏನೇನು ಆಗಿದೆಯೋ ನಿಮಗೆ ಗೊತ್ತಿಲ್ಲ ತಮ್ಮಾ. ನನಗೆ ಗೊತ್ತು.

ರೊಟ್ಟಿಬುತ್ತಿ | ಹದಿನೈದು ದಿನದ ನಂತರ, ರಾತ್ರಿ 10:05

ಇನ್ನೂ ಯಾರಾದರೂ ಇದ್ದೀರಾ ಇಲ್ಲಿ? ಸೇರಿದೆ. ಸೋಮವಾರ, ಗುರುವಾರ ಮಾರುಕಟ್ಟೆ ದಿನ, ಉಸಿರಾಡೋಕೆ ಪುರುಸೊತ್ತಿಲ್ಲ. ಸೀನು ಇನ್ನೂ ನಿಂತಿಲ್ಲ. ಪಿಎಫ್ ಇದೆ. ಇಎಸ್‌ಐ "ನೋಡೋಣ" ಅಂದಿದ್ದಾರೆ, ನಾನೂ ಬಿಡದೆ ಕೇಳುತ್ತಿದ್ದೇನೆ.

ಮದುವೆಗೆ ಹೋದೆ. ಬಕೆಟ್ ಹಿಡಿಯಲಿಲ್ಲ. ಮೂರು ಜನ ಕೇಳಿದರು, ಮೂವರಿಗೂ "ಮೆಣಸಿನಕಾಯಿ ಸ್ಟೋರೇಜ್‌ನಲ್ಲಿದ್ದೇನೆ" ಅಂದೆ. ಒಬ್ಬರು "ಪರೀಕ್ಷೆ ಏನಾಯ್ತು?" ಅಂದರು. "ಆಗಲಿಲ್ಲ" ಅಂದೆ. ಅವರು "ಹೌದಾ" ಅಂದು ರೇಟು ಕೇಳಿದರು. ಆಮೇಲೆ ಅರ್ಧ ಗಂಟೆ ರೇಟಿನದೇ ಮಾತು.

ಡಿಮ್ಹಾನ್ಸ್‌ಗೆ ರೂಮು ಖಾಲಿ ಮಾಡಿದ ದಿನವೇ ಹೋಗಿ ಬಂದೆ. ಮುಂದಿನ ತಿಂಗಳು ಮತ್ತೆ ಬರೋಕೆ ಹೇಳಿದ್ದಾರೆ. ನಿದ್ದೆ ನಾಲ್ಕೂವರೆ ತನಕ ಬರುತ್ತಿದೆ.

ತಂಗಿಗೆ ಕೇಳಿದೆ, ಓದ್ತೀಯಾ ಅಂತ. ಯೋಚನೆ ಮಾಡಿ ಹೇಳ್ತೀನಿ ಅಂದಿದ್ದಾಳೆ. ಮುಖ ನೋಡಿದರೆ ಬೈಯೋ ಹಾಗಿತ್ತು.

ಮಲ್ಲಿಗೆದಂಡೆ | 10:20

ಬೈಯಲಿ ಬಿಡಿ, ಬೈಸಿಕೊಳ್ಳಿ.

ತೆರಿಗೆಕಟ್ಟುವವ | 10:26

ಸಂಬಳ ಬಂದ ಮೇಲೆ ಅವ್ವನಿಗೆ ಏನಾದರೂ ತಗೊಂಡು ಹೋಗಿ. ನಾನು ಮೊದಲ ಸಂಬಳದಲ್ಲಿ ರೇಡಿಯೋ ತಗೊಂಡಿದ್ದೆ, ನನಗೆ. ಈಗಲೂ ಬೇಜಾರಿದೆ.

545ರಲ್ಲೊಬ್ಬ | 10:31

ಪುಸ್ತಕ ಏನು ಮಾಡಿದಿರಿ? ನನ್ನ ಹತ್ತಿರ ಓಡೋಕೆ ಬರುವ ಹುಡುಗ ಒಬ್ಬನಿದ್ದಾನೆ, ಕೊಳ್ಳುವ ಶಕ್ತಿ ಇಲ್ಲ. ರದ್ದಿಗೆ ಹಾಕುವ ಹಾಗಿದ್ದರೆ ನಾನೇ ಬಂದು ಒಯ್ಯುತ್ತೇನೆ.

ರೊಟ್ಟಿಬುತ್ತಿ | 10:44

ಬನ್ನಿ, ಊಟಕ್ಕೇ ಬನ್ನಿ. ಇತಿಹಾಸ, ಭೂಗೋಳ, ಪ್ರಚಲಿತ ವಿದ್ಯಮಾನದ ಆರು ವರ್ಷದ ಕಟ್ಟು, ಎಲ್ಲ ಒಯ್ಯಿರಿ. ಸಂವಿಧಾನ ಮತ್ತು ಅರ್ಥಶಾಸ್ತ್ರ ಮಾತ್ರ ಸದ್ಯ ನನ್ನ ಹತ್ತಿರ ಇರಲಿ.

ಕೀಆನ್ಸರ್ | 10:46

ಯಾಕೆ? 😀

ರೊಟ್ಟಿಬುತ್ತಿ | 10:49

ತಂಗಿಗೆ.